ಹಂಸಕ್ಕೆ ಎಣ್ಣೆಸ್ನಾನ

ದೀಪಾವಳಿಗೆ ಮುಂಚಿನ ಪುರಟ್ಟಾಸಿ ತಿಂಗಳು ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ಕೊಯಮತ್ತೂರು ಸೆಲ್ವಪುರದ ದೇವಾಂಗರ ಬೀದಿಗೆ ಎರಡು ಹಂಸಗಳು ಕುಟ್ಟಿಯಾನೆಯ ಮೇಲೆ ಸವಾರಿ ಬಂದವು. ಕುಟ್ಟಿಯಾನೆ ಎಂದರೆ ಅಲ್ಲಿಯವರು ಪುಟ್ಟ ಸರಕುಗಾಡಿಗೆ ಇಟ್ಟ ಮುದ್ದಿನ ಹೆಸರು. ಹಂಸಗಳೆಂದರೆ ಫೈಬರಿನ ತುಳಿದೋಣಿಗಳು. ಇಬ್ಬರು ಪಕ್ಕಪಕ್ಕ ಕುಳಿತು ಸೈಕಲ್ಲಿನಂತೆ ಪೆಡಲ್ ತುಳಿದರೆ ನೀರಿನ ಮೇಲೆ ಸಾಗುವಂಥವು. ಪಾಲಕ್ಕಾಡು ರಸ್ತೆಯಲ್ಲಿ ಮುಚ್ಚಿಹೋದ ಯಾವುದೋ ವಿಹಾರದ ತೋಟದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿದ್ದವು. ಒಂದಕ್ಕೆ ತಲೆ ಇರಲಿಲ್ಲ. ತಲೆ ಇದ್ದದ್ದಕ್ಕೆ ಹೊಟ್ಟೆಯಲ್ಲಿ ತೂತು.

ಸುಂದರಮ್ಮನವರು ಜಪಮಾಲೆಯನ್ನು ಸೆರಗಿಗೆ ಸೇರಿಸಿಕೊಂಡು ಬಾಗಿಲಿಗೆ ಬಂದರು. ಗಾಡಿಯ ಮುಂದಿನಿಂದ ಇಳಿದವನು ಅವರ ಮಗ ರಾಮಪ್ರಸಾದ.

"ಏನಪ್ಪಾ ರಾಮು ಇದು?"

"ದೋಣಿ ಅಮ್ಮಾ."

"ದೋಣಿ ಅಂತ ನನಗೂ ಕಾಣ್ತದೆ. ನಮ್ಮನೆಗೆ ಯಾಕೆ ಬಂತು?"

"ಎರಡನ್ನೂ ಸೇರಿಸಿ ಒಂದು ಮಾಡ್ತೀನಿ. ಆಮೇಲೆ ಹೇಳ್ತೀನಿ, ಕೊಂಜ ಆ ತುಳಸಿ ಕುಂಡ ಈಕಡೆ ಎತ್ತಿಡು."

ಮನೆಯ ಪಕ್ಕದಲ್ಲಿ ಉದ್ದಕ್ಕೆ, ಅಗಲ ಕಡಿಮೆಯ ಒಂದು ಖಾಲಿ ಜಾಗವಿತ್ತು. ಸುಂದರಮ್ಮನವರ ಮಾವನ ಕಾಲದಲ್ಲಿ ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲನ್ನು ಅಲ್ಲಿ ಉದ್ದಕ್ಕೆ ಹಾಯಿಸುತ್ತಿದ್ದರು. ಮಗ್ಗ ಹೋಗಿ ಎಷ್ಟೋ ಕಾಲವಾಗಿತ್ತು. ಹಂಸಗಳೆರಡೂ ಆ ಜಾಗದಲ್ಲಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ಒಂದರ ಹಿಂದೊಂದು ಕುಳಿತುಬಿಟ್ಟವು.

ಸಂಜೆ ಶಾಲೆಯಿಂದ ಬಂದ ಸೊಸೆ ಗೋಪಿಕಾ ಸ್ಕೂಟರ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಅವಳು ಹತ್ತನೆಯ ತರಗತಿಗೆ ಗಣಿತ ಹೇಳುವವಳು. ಯಾವುದನ್ನು ಕಂಡರೂ ಮೊದಲು ಬಾಯಲ್ಲಿ ಲೆಕ್ಕ ಬರುತ್ತಿತ್ತು. ಆ ದಿನ ಬರಲಿಲ್ಲ.

"ಅತ್ತೆ, ಈ ಬಾತುಕೋಳಿ ಯಾರದು?"

"ಹಂಸ ಅಮ್ಮಾ. ಸರಸ್ವತಿಯ ವಾಹನ."

"ಸರಸ್ವತಿ ಇದನ್ನ ಹತ್ತಲ್ಲ, ನಾನು ಬರೆದು ಕೊಡ್ತೀನಿ."

ರಾತ್ರಿಯ ಊಟಕ್ಕೆ ಮೆಣಸಿನ ರಸಂ, ಬೀನ್ಸ್ ಪಲ್ಯ. ಮೊಮ್ಮಗಳು ಹರಿಣಿ ಪ್ಲಸ್ ಟೂ ಓದುವ ಹುಡುಗಿ. ಅಪ್ಪ ಅಮ್ಮ ಜಗಳವಾಡುವಾಗ ಹಪ್ಪಳ ಮುರಿಯುವ ಸದ್ದು ಕೂಡ ಮಾಡಬಾರದೆಂದು ಕಲಿತಿದ್ದಳು. ರಾಮಪ್ರಸಾದ ವಿಷಯ ಬಿಡಿಸಿ ಹೇಳಿದ. ಕಾರಮಡೈ ಹತ್ತಿರ ದಂಡಪಾಣಿ ಎಂಬುವರು ತಮ್ಮ ತೋಟದಲ್ಲಿ ದೊಡ್ಡ ಕೊಳ ಕಟ್ಟಿಸಿ, ಬರುವವರಿಗೆ ತಂಗಲು ಕುಟೀರ ಹಾಕಿದ್ದಾರೆ. ಹೊಸ ದೋಣಿ ಕೊಳ್ಳಲು ಅವರಿಗೆ ಮನಸ್ಸಿಲ್ಲ. ಎಲ್ಲಿಂದಲೋ ತಂದ ನಾಲ್ಕು ಹಳೆಯ ದೋಣಿ ಅವರಲ್ಲಿ ಕೂತಿವೆ. ಪೊಂಗಲ್ ಹೊತ್ತಿಗೆ ಒಂದನ್ನು ನೀರಿಗಿಳಿಸಿ ತೋರಿಸಿದರೆ ಉಳಿದವುಗಳ ಕೆಲಸವೂ, ವರ್ಷವಿಡೀ ಉಸ್ತುವಾರಿಯೂ ರಾಮಪ್ರಸಾದನಿಗೇ.

"ತೋರಿಸದೆ ಹೋದ್ರೆ?" ಎಂದಳು ಗೋಪಿಕಾ.

"ತೋರಿಸ್ತೀನಿ."

"ನಾನು ಕೇಳಿದ್ದು ಅದಲ್ಲ. ಒಂದು ವರ್ಷ ಆಗ್ತಾ ಬಂತು ನೀವು ಮನೇಲಿದ್ದು. ನಾನು ಒಂದು ಮಾತು ಕೇಳಿದೀನಾ? ಮಿಲ್‌ನಿಂದ ಬಂದ ಕೊನೆ ದುಡ್ಡೂ ಈ ಬಾತುಕೋಳಿ ನುಂಗ್ತು. ತೈ ತಿಂಗಳ ಪೊಂಗಲ್ ಮುಗಿಯೋವರೆಗೆ ಟೈಮು. ಅಷ್ಟರಲ್ಲಿ ತೇಲಿದ್ರೆ ಸರಿ. ತೇಲಲಿಲ್ಲ ಅಂದ್ರೆ ಇದು ಗುಜರಿಗೆ, ನೀವು ತಿರುಪ್ಪೂರಿಗೆ. ಅವರು ವಾಪಸು ಕರೀತಾ ಇದಾರೆ ತಾನೇ?"

"ನೈಟ್ ಶಿಫ್ಟಿಗೆ ಕರೀತಾ ಇದಾರೆ."

ಆ ಮಾತಿಗೆ ಸುಂದರಮ್ಮನವರ ಕೈ ತುತ್ತಿನ ಮೇಲೆಯೇ ನಿಂತಿತು.

ಹಿಂದಿನ ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಅವರ ಯಜಮಾನರು ನಾಗರಾಜರು ತೀರಿಕೊಂಡ ರಾತ್ರಿ ರಾಮಪ್ರಸಾದ ತಿರುಪ್ಪೂರಿನಲ್ಲಿ ಬಣ್ಣ ಹಾಕುವ ಮಿಲ್ಲಿನಲ್ಲಿದ್ದ. ಯಂತ್ರಗಳ ಗದ್ದಲದಲ್ಲಿ ಫೋನು ಕೇಳಿಸಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬರುವಷ್ಟರಲ್ಲಿ ತಂದೆಯನ್ನು ನೆಲದ ಮೇಲೆ ಮಲಗಿಸಿ ತಲೆಯ ಬಳಿ ದೀಪ ಹಚ್ಚಿದ್ದರು. ಹದಿಮೂರನೆಯ ದಿನ ಕಳೆದ ಮೇಲೆ ಅವನು ಕೆಲಸ ಬಿಟ್ಟ. ಯಾರೂ ಏಕೆಂದು ಕೇಳಲಿಲ್ಲ.

ಸುಂದರಮ್ಮನವರಿಗೆ ದೋಣಿ ಬೇಕಾಗಿರಲಿಲ್ಲ. ಮಗ ರಾತ್ರಿ ಹೊತ್ತು ಮನೆಯಲ್ಲಿರಬೇಕಾಗಿತ್ತು. ಆದ್ದರಿಂದ ಮರುದಿನದಿಂದ ಚೌಡೇಶ್ವರಿಯ ಮುಂದೆ ದೀಪ ಹಚ್ಚುವಾಗ, "ತಾಯೀ, ಆ ಹಂಸವನ್ನು ತೇಲಿಸು" ಎಂದು ಸೇರಿಸಿಕೊಳ್ಳತೊಡಗಿದರು.

ಕೆಲಸ ಶುರುವಾದ ಮೊದಲ ವಾರವೇ ಮನೆ ತುಂಬ ತುರಿಕೆ. ತಲೆಯಿಲ್ಲದ್ದರ ತಳ ಪೂರ್ತಿ ಸೀಳಿತ್ತು; ರಾಮಪ್ರಸಾದ ಅದರ ಪೆಡಲು, ಚಕ್ರ ಬಿಚ್ಚಿಟ್ಟುಕೊಂಡು, ತಲೆಯಿದ್ದದ್ದರ ತೂತಿನ ಸುತ್ತಲೂ ಮಷೀನು ಹಿಡಿದು ಉಜ್ಜುತ್ತಿದ್ದ. ಗಾಜಿನ ನಾರಿನ ಪುಡಿ ಹಾರಿ ಲುಂಗಿಗೆ ಕೂರುತ್ತಿತ್ತು. ಆ ಲುಂಗಿ ವಾಷಿಂಗ್ ಮಷೀನಿನಲ್ಲಿ ಗೋಪಿಕಾಳ ಸೀರೆಯ ಜೊತೆ ತಿರುಗಿತು. ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ಇಡೀ ಶಾಲೆ ಅಲುಗದೆ ನಿಂತಿರುವಾಗ ಗಣಿತದ ಟೀಚರೊಬ್ಬರೇ ಬೆನ್ನು ಕೆರೆದುಕೊಳ್ಳುತ್ತಿದ್ದರು.

"ಹೆಡ್‌ಮಿಸ್ಟ್ರೆಸ್ ಕರೆದು, ಮನೇಲಿ ಯಾರಿಗಾದ್ರೂ ಅಮ್ಮೆ, ಸಿಡುಬು ಬಂದಿದೆಯಾ ಅಂತ ಕೇಳಿದ್ರು," ಎಂದು ಅವಳು ಬಾಗಿಲಲ್ಲೇ ಚೀಲ ಎಸೆದಳು. "ನಾಳೆಯಿಂದ ನಿಮ್ಮ ಬಟ್ಟೆ ನೀವೇ ಒಗೀಬೇಕು. ಬಕೆಟ್ ಬೇರೆ, ಹಗ್ಗ ಬೇರೆ."

"ತಟ್ಟೆನೂ ಬೇರೆ ಇಟ್ಟುಬಿಡು."

"ಅದನ್ನೂ ಯೋಚನೆ ಮಾಡ್ತಾ ಇದೀನಿ."

ಎರಡನೆಯ ವಾರ ಕಾಫಿ ಲೋಟದ ಸರದಿ. ರೆಸಿನ್ ಎಂಬ ಜೇನಿನಂಥ ದ್ರವಕ್ಕೆ ಕೆಲವೇ ಹನಿ ಇನ್ನೊಂದು ಔಷಧಿ ಬೆರೆಸಿದರೆ ಅದು ಗಟ್ಟಿಯಾಗುತ್ತದೆ. ಮಾತಿನ ಭರದಲ್ಲಿ ರಾಮಪ್ರಸಾದ ಕೈಗೆ ಸಿಕ್ಕ ಲೋಟದಲ್ಲಿ ಹೆಚ್ಚು ಬೆರೆಸಿದ. ಲೋಟ ಬಿಸಿಯಾಗಿ ಹೊಗೆ ಬಂತು. ನೋಡನೋಡುತ್ತಿದ್ದಂತೆ ಕುಂಚ ಅದರಲ್ಲೇ ನಿಂತುಬಿಟ್ಟಿತು. ಅದು ನಾಗರಾಜರ ಲೋಟ. ರಾಮಪ್ರಸಾದ ತಾಯಿಯ ಮುಖ ನೋಡಲಾರದೆ ನಿಂತಾಗ ಸುಂದರಮ್ಮನವರು ಕುಂಚದ ಹಿಡಿ ಹಿಡಿದು ಲೋಟವನ್ನು ಎತ್ತಿ ನೋಡಿದರು. ಲೋಟವೂ ಜೊತೆಗೇ ಎದ್ದು ಬಂತು.

"ಇರಲಿ ಬಿಡು. ಅವರಿಗೂ ಕಾಫಿ ಗಟ್ಟಿಯಾಗೇ ಇರಬೇಕಾಗಿತ್ತು."

ಆ ವರ್ಷ ಮೊದಲ ಸಲ ಅವರ ಬಾಯಲ್ಲಿ ಅವರ ಯಜಮಾನರ ಬಗ್ಗೆ ನಗೆಮಾತು ಬಂದದ್ದು ಅದು. ಹರಿಣಿ ಆ ಲೋಟವನ್ನು ಓದುವ ಮೇಜಿನ ಮೇಲೆ ಇಟ್ಟುಕೊಂಡಳು.

ಹೀಗೆ ದೀಪಾವಳಿ ಬಂತು. ಈ ಮನೆಗೆ ಬರಲಿಲ್ಲ. ಮನೆಯ ಹಿರಿಯರು ಹೋದ ವರ್ಷ ಹಬ್ಬವಿಲ್ಲ. ನವರಾತ್ರಿಗೆ ಗೊಂಬೆ ಕೂಡಿಸಲಿಲ್ಲ, ಈಗ ಹೊಸ ಬಟ್ಟೆಯಿಲ್ಲ, ಎಣ್ಣೆಸ್ನಾನವಿಲ್ಲ. ಹಿಂದಿನ ದಿನ ರಾಮಪ್ರಸಾದ ದೋಣಿಯನ್ನು ಬೋರಲು ಹಾಕಿ, ತೂತಿನ ಅಂಚನ್ನು ಚೆನ್ನಾಗಿ ಉಜ್ಜಿ, ತಿನ್ನರ್ ಹಾಕಿ ಒರೆಸಿ ತಯಾರು ಮಾಡಿದ್ದ. ತೇಪೆಗೆ ಬೇಕಾದ ಗಾಜಿನ ಬಟ್ಟೆ ತರಬೇಕು. ಅಂಗಡಿ ಹಬ್ಬ ಕಳೆದು ತೆರೆಯುತ್ತದೆ.

ಬೆಳಗಿನ ಜಾವ ಬೀದಿಯಲ್ಲಿ ಪಟಾಕಿ ಶುರುವಾದಾಗ ಸುಂದರಮ್ಮನವರು ಎದ್ದು ಅಡುಗೆಮನೆಗೆ ಹೋದರು. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ದೀಪಾವಳಿಗೂ ಈ ಹೊತ್ತಿಗೆ ಅವರು ಎಳ್ಳೆಣ್ಣೆಗೆ ನಾಲ್ಕು ಮೆಣಸು, ಒಂದು ವೀಳ್ಯದೆಲೆ ಹಾಕಿ ಬೆಚ್ಚಗೆ ಮಾಡಿ ಮೊದಲು ಯಜಮಾನರ ತಲೆಗೆ ಹಚ್ಚುತ್ತಿದ್ದರು. ಆಮೇಲೆ ಮಗ, ಸೊಸೆ, ಮೊಮ್ಮಗಳು. ಒಲೆ ಹಚ್ಚಿ, ಎಣ್ಣೆ ಕಾಯಿಸಿ, ಬಟ್ಟಲಿಗೆ ಬಗ್ಗಿಸಿಕೊಂಡ ಮೇಲೆ ಅವರಿಗೆ ನೆನಪಾಯಿತು, ಈ ವರ್ಷ ಹಚ್ಚಿಸಿಕೊಳ್ಳಲು ಮನೆಯಲ್ಲಿ ಯಾವ ತಲೆಯೂ ಇಲ್ಲ.

ಕಾಯಿಸಿದ ಎಣ್ಣೆಯನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಬಟ್ಟಲು ಹಿಡಿದು ಹೊರಗೆ ಬಂದರು. ಬೀದಿಯ ಬೆಳಕಿನಲ್ಲಿ ಹಂಸ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಕುತ್ತಿಗೆ ಇಟ್ಟಿಗೆಗಳ ನಡುವೆ ಬಾಗಿ ತಲೆ ಅವರ ಕಡೆಗೇ ಇತ್ತು.

"ನೀನಾದ್ರೂ ತಲೆ ಕೊಡಪ್ಪಾ," ಎಂದರು.

ಮೂರು ಬೆರಳಿನಿಂದ ಹಂಸದ ನೆತ್ತಿಗೆ ಎಣ್ಣೆ ಇಟ್ಟರು. ಕುತ್ತಿಗೆಗೆ ಸವರಿದರು. ಆಮೇಲೆ ತೂತಿನ ಹತ್ತಿರ ಬಂದು, ಮಗುವಿನ ಮಂಡಿ ತರಚಿದರೆ ಮಾಡುವ ಹಾಗೆ ಎಣ್ಣೆಯಲ್ಲಿ ಅರಿಶಿನ ಕಲಸಿ ಅಂಚಿನ ಸುತ್ತಲೂ ಮೃದುವಾಗಿ ಹಚ್ಚಿದರು. ದೇವರ ಕುಂಕುಮವನ್ನೂ ಒಂದು ಚಿಟಿಕೆ ಇಟ್ಟರು. ಹಬ್ಬವಿಲ್ಲದ ಮನೆಯಲ್ಲಿ ಇದು ಯಾರ ಕಣ್ಣಿಗೂ ಬೀಳಬಾರದೆಂದು ಸೆರಗಿನಿಂದ ಮೇಲುಮೇಲೆ ಒರೆಸಿದರು. ಒರೆಸಿದಷ್ಟೂ ಎಣ್ಣೆ ಇನ್ನಷ್ಟು ಹರಡಿತು.

ಗೇಟಿನ ಬಳಿ ಹಾದುಹೋದ ಎದುರುಮನೆಯ ಅಂಗಪ್ಪನ್ ಎಲ್ಲರನ್ನೂ ಕೇಳುವ ಹಾಗೆ, "ಗಂಗಾಸ್ನಾನಂ ಆಚ್ಚುಂಗಳಾ ಅಮ್ಮಾ?" ಎಂದು ಕೇಳಿಬಿಟ್ಟರು. ದೀಪಾವಳಿಯ ದಿನ ಆ ಊರಿನಲ್ಲಿ ಒಬ್ಬರನ್ನೊಬ್ಬರು ಕೇಳುವ ಮಾತು ಅದು: ಎಣ್ಣೆ ಹಚ್ಚಿ ಮಿಂದಾಯಿತೇ ಎಂದು. ಕೇಳಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಸುಂದರಮ್ಮನವರು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು.

ಹಬ್ಬ ಕಳೆದು ತೇಪೆ ಬಿತ್ತು. ಅಂಚಿನಲ್ಲಿ ಕಂಡ ಹಳದಿಯನ್ನು ರಾಮಪ್ರಸಾದ ಹಳೆಯ ಬಣ್ಣವೆಂದುಕೊಂಡ. ಗಾಜಿನ ಬಟ್ಟೆ ಒಂದರ ಮೇಲೊಂದು ಹಾಸಿ, ರೆಸಿನ್ ಕುಡಿಸಿ, ಉರುಳೆಯಿಂದ ಒತ್ತಿದ. ಕಲ್ಲಿನ ಹಾಗೆ ಗಟ್ಟಿಯಾಯಿತು. ಸುಂದರಮ್ಮನವರು ತೆಂಗಿನಕಾಯಿ ನೋಡುವ ಹಾಗೆ ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿ, "ಎಳೆಕಾಯಿ ಸದ್ದು ಬರ್ತಿದೆಯಲ್ಲೋ" ಎಂದರು. ಮಗ ನಕ್ಕ.

ಪರೀಕ್ಷೆ ಭಾನುವಾರ. ದೋಣಿಯನ್ನು ನೆಟ್ಟಗೆ ತಿರುಗಿಸಿ ಇಟ್ಟಿಗೆಗಳ ಮೇಲೆ ಕೂರಿಸಿ ಒಳಗೆ ನೀರು ತುಂಬಿಸಿದರೆ ಸೋರುವ ಕಡೆ ತಿಳಿಯುತ್ತದೆ. ಗೋಪಿಕಾ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು.

"ಕುಡಿಯೋ ಸಿರುವಾಣಿ ನೀರು ಮುಟ್ಟಬೇಡಿ. ಬೋರ್ ನೀರು ಬಿಡಿ."

ನೀರು ಏರಿತು. ಒಂದು ಹನಿಯೂ ಇಳಿಯಲಿಲ್ಲ. ರಾಮಪ್ರಸಾದ ಸೊಂಟದ ಮೇಲೆ ಕೈಯಿಟ್ಟು ಕಿಟಕಿಯ ಕಡೆ ನೋಡಿದ. ಆ ಕ್ಷಣಕ್ಕೆ ಕೆಳಗೆ ಚಟ್ ಎಂದಿತು. ತೇಪೆ ಇಡಿಯಾಗಿ ಎದ್ದು ಬಂದು ದೊಡ್ಡ ಹಪ್ಪಳದ ಹಾಗೆ ನೆಲಕ್ಕೆ ಬಿತ್ತು. ನೀರು ಅವನ ಕಾಲು ತೋಯಿಸಿ, ತುಳಸಿ ಕುಂಡ ಸುತ್ತಿ, ಬೀದಿಗೆ ಹೋಯಿತು.

ಗೋಪಿಕಾ ಕಿಟಕಿಯಿಂದ ಮುಖ ತೆಗೆದಳು. ರಾಮಪ್ರಸಾದ ರೆಸಿನ್ ಕೊಟ್ಟ ಉಕ್ಕಡದ ಅಂಗಡಿಗೆ ಫೋನು ಮಾಡಿ, ಹಳಸಿದ ಮಾಲು ಕೊಟ್ಟು ಮನೆ ಹಾಳು ಮಾಡಿದಿರೆಂದು ಕೂಗಾಡಿದ. ಅಂಗಡಿಯ ಸರವಣಕುಮಾರ್ ಕೂಡ ಬಿಡುವವನಲ್ಲ. ಭಾನುವಾರದ ಊಟ ಬಿಟ್ಟು ಸ್ಕೂಟರಿನಲ್ಲಿ ಬಂದ. ಗೇಟಿನಲ್ಲಿಯೇ ತಮಿಳಿನಲ್ಲಿ ವಾದ ಹತ್ತಿತು. ನನ್ನ ರೆಸಿನ್ ತಪ್ಪಿಲ್ಲ ಎಂದು ಅವನು, ನನ್ನ ಕೈ ತಪ್ಪಿಲ್ಲ ಎಂದು ಇವನು. ಸುಂದರಮ್ಮನವರು ಒಳಗೆ ಜಪಮಾಲೆ ಹಿಡಿದು ಕುಳಿತಿದ್ದರು. ಮಣಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಹರಿಣಿ ಬಿದ್ದ ತೇಪೆಯನ್ನು ಎತ್ತಿ ತಿರುವಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು.

"ಅಪ್ಪಾ, ಇದು ಎಳ್ಳೆಣ್ಣೆ ವಾಸನೆ."

ವಾದ ನಿಂತಿತು. ಗಾಜಿನಂತೆ ಗಟ್ಟಿಯಾದ ತೇಪೆಯ ಒಳಮೈಯಲ್ಲಿ ಮೂರು ಬೆರಳಿನ ಹಳದಿ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಪಕ್ಕದಲ್ಲಿ ಮಸುಕಾಗಿ ಒಂದು ಕುಂಕುಮದ ಬೊಟ್ಟು. ದೇವರ ಪಟಕ್ಕೆ ಕಟ್ಟು ಹಾಕಿಸಿದ ಹಾಗಿತ್ತು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಸುಂದರಮ್ಮನವರು ಅಲ್ಲಿ ಬಂದು ನಿಂತಿದ್ದರು.

"ನಾನೇ ಹಚ್ಚಿದ್ದು. ದೀಪಾವಳಿ ದಿನ. ಎಣ್ಣೆ ಕಾಸಿಬಿಟ್ಟಿದ್ದೆ. ಯಾರಿಗೆ ಹಚ್ಚೋದು ಅಂತ ಗೊತ್ತಾಗಲಿಲ್ಲ."

ಮೊದಲು ನಕ್ಕವನು ಸರವಣಕುಮಾರ್; ಮರುಕ್ಷಣ ತಡೆದುಕೊಂಡ. ಆಮೇಲೆ ಅಡುಗೆಮನೆಯ ಬಾಗಿಲಿನಿಂದ ಒಂದು ನಗು ಬಂತು, ಅದು ನಿಲ್ಲಲಿಲ್ಲ. ಗೋಪಿಕಾ ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿ ವರ್ಷವಾಗಿತ್ತು.

"ಅತ್ತೆ, ಎಣ್ಣೆ ಹಚ್ಚಿದ್ರಿ ಸರಿ," ಎಂದಳು ಕೊನೆಗೆ. "ಸ್ನಾನ ಮಾಡಿಸ್ದೆ ಬಿಟ್ರಲ್ಲ. ಹಾಗೆ ಬಿಟ್ರೆ ಶೀತ ಆಗೋದಿಲ್ವಾ?"

ಅವಳು ಒಳಗೆ ಹೋದಳು. ಹೊರಗೆ ಬಂದಾಗ ಒಂದು ಕೈಯಲ್ಲಿ ಬಿಸಿನೀರಿನ ಬಕೆಟ್, ಇನ್ನೊಂದರಲ್ಲಿ ಸೀಗೆಕಾಯಿ ಪುಡಿಯ ಡಬ್ಬಿ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಸೀಗೆಪುಡಿ ಎಲ್ಲಾ ಬೇಡ, ಸೋಪು, ಆಮೇಲೆ ತಿನ್ನರ್," ಎಂದ ರಾಮಪ್ರಸಾದ.

"ಅದೆಲ್ಲ ಆಮೇಲೆ ಹಾಕಿಕೊಳ್ಳಿ. ಮೊದಲು ಇದು."

"ಹಬ್ಬ ಇಲ್ಲ ಅಮ್ಮಾ ಈ ವರ್ಷ," ಎಂದರು ಸುಂದರಮ್ಮನವರು ಹೆದರಿಕೆಯಿಂದ.

"ನಮಗೆ ತಾನೇ ಇಲ್ಲ. ಇದರ ಮನೇಲಿ ಯಾರು ಸತ್ತಿದಾರೆ?"

ನಾಲ್ವರೂ ಸೇರಿ ಹಂಸವನ್ನು ತಿಕ್ಕಿದರು. ಸರವಣಕುಮಾರ್ ಊಟ ಮಾಡದೆ ಬಂದವನೆಂದು ತಿಳಿದು ಅವನಿಗೂ ಎಲೆ ಹಾಕಿದರು. ಆ ದಿನ ಮಜ್ಜಿಗೆಹುಳಿ, ಬದನೆಕಾಯಿ ಪಲ್ಯ. ಹೋಗುವಾಗ ಅವನು ಹೊಸ ಕ್ಯಾನ್ ರೆಸಿನ್ ಇಳಿಸಿ, ತೇಪೆಯನ್ನು ಮಾತ್ರ ತನಗೆ ಕೊಡಿ, ಅಂಗಡಿಯಲ್ಲಿ ತೂಗುಹಾಕುತ್ತೇನೆ ಎಂದ. ಹರಿಣಿ ಕೊಡಲಿಲ್ಲ.

ಆದರೆ ದಿನಗಳು ಕೈಬಿಟ್ಟಿದ್ದವು. ಮತ್ತೆ ತೊಳೆದು, ಮತ್ತೆ ಉಜ್ಜಿ, ಅಂಚು ಬೆಳ್ಳಗಾಗುವಷ್ಟರಲ್ಲಿ ಮಾರ್ಗಳಿ ಹಿಡಿಯಿತು. ಹರಿಣಿ ರಂಗೋಲಿ ಪುಡಿಯಿಂದ ದೋಣಿಯ ಸುತ್ತ ಒಂದು ಗೆರೆ ಎಳೆದು, "ಅಜ್ಜೀ, ಇದರ ಒಳಗೆ ನೀನು ಬರೋ ಹಾಗಿಲ್ಲ. ಏನು ಪ್ರಾರ್ಥನೆ ಇದ್ರೂ ಅಲ್ಲಿಂದಲೇ" ಎಂದಳು. ಸುಂದರಮ್ಮನವರು ವಿಧೇಯರಾಗಿ ಗೆರೆಯಾಚೆ ಮಣೆ ಹಾಕಿಕೊಂಡು ಕುಳಿತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಜಪ ಮಾಡಿದರು.

ನೀಲಗಿರಿಯ ಕಡೆಯಿಂದ ಬೀಸುವ ಥಂಡಿಗೆ ರೆಸಿನ್ ಗಟ್ಟಿಯಾಗಲು ಒಪ್ಪಲಿಲ್ಲ. ಬೆರಳಿಟ್ಟರೆ ಅಂಟುತ್ತಿತ್ತು. ರಾಮಪ್ರಸಾದ ತಿರುಪ್ಪೂರಿನ ಮಿಲ್ಲಿಗೆ ಫೋನು ಮಾಡಿ, ಪೊಂಗಲ್ ಕಳೆದು ಬರುತ್ತೇನೆ ಎಂದು ಹೇಳುವುದನ್ನು ಸುಂದರಮ್ಮನವರು ಕೇಳಿಸಿಕೊಂಡರು. ಗೋಪಿಕಾ ಕೂಡ ಕೇಳಿಸಿಕೊಂಡಳು. ಅವಳು ಅಟ್ಟದಿಂದ ಹಳೆಯ ಗುಂಡುಬಲ್ಬುಗಳನ್ನು ಇಳಿಸಿ, ವೈರು ಎಳೆದು, ಬೋರಲು ಬಿದ್ದ ದೋಣಿಯ ಕೆಳಗೆ ತೂಗುಬಿಟ್ಟಳು. ದೋಣಿಯೊಳಗೆ ಬೆಚ್ಚಗಾಯಿತು.

"ಕೋಳಿಗೂಡಿಗೆ ಹೀಗೇ ಹಾಕ್ತಾರೆ," ಎಂದಳು. "ಬಾತುಕೋಳಿಗೂ ಆಗಬಹುದು."

"ಕರೆಂಟು ಬಿಲ್ಲು?" ಎಂದ ಗಂಡ.

"ಅದನ್ನ ಬಾತುಕೋಳಿ ಕಟ್ಟತ್ತೆ."

ನಾಗರಾಜರ ವರ್ಷದ ತಿಥಿ ನಡೆಯಿತು. ಪುರೋಹಿತರು ಬಂದರು, ಪಿಂಡ ಇಟ್ಟರು, ಕಾಗೆ ಬಂದು ತಿಂದಿತು. ರಾಮಪ್ರಸಾದ ಒದ್ದೆಬಟ್ಟೆಯಲ್ಲಿಯೇ ತಾಯಿಯ ಕಾಲಿಗೆ ಬಿದ್ದು ಸ್ವಲ್ಪ ಹೊತ್ತು ಏಳಲಿಲ್ಲ. "ಏಳಪ್ಪಾ, ಅವರಿಗೆ ಗೊತ್ತು," ಎಂದರು ಸುಂದರಮ್ಮನವರು. ಮಡಿಯಿಳಿದ ಮೇಲೆ ಅವನು ದೋಣಿಯನ್ನು ತಿರುಗಿಸಿ ನೀರು ತುಂಬಿದ. ಮರುದಿನ ಬೆಳಗ್ಗೆ ನೋಡಿದರೆ ಕೆಳಗಿನ ಇಟ್ಟಿಗೆ ಒಣಗಿದ್ದಂತೆಯೇ ಒಣಗಿತ್ತು. ಸುಂದರಮ್ಮನವರು ಗಿಣ್ಣಿನಿಂದ ತಟ್ಟಿದರು. ಬಲಿತ ಕಾಯಿ.

ತೈ ತಿಂಗಳು ಬಂತು. ಮನೆಯಲ್ಲಿ ವರ್ಷದ ನಂತರ ಮೊದಲ ಬಾರಿಗೆ ಹಬ್ಬದ ಪೊಂಗಲ್ ಮಡಕೆಯಲ್ಲಿ ಹಾಲು ಉಕ್ಕಿತು. ಹಬ್ಬದ ಕೊನೆಯ ದಿನ, ಕಾಣುಂ ಪೊಂಗಲ್‌ಗೆ, ಊರೆಲ್ಲ ಬುತ್ತಿ ಕಟ್ಟಿಕೊಂಡು ನೀರಿನ ಹತ್ತಿರ ಹೋಗುವುದು ವಾಡಿಕೆ. ಬಿಳಿ ಬಣ್ಣ, ಕಿತ್ತಳೆ ಕೊಕ್ಕು ಹಚ್ಚಿಸಿಕೊಂಡ ಹಂಸ ಕುಟ್ಟಿಯಾನೆ ಹತ್ತಿ ಕಾರಮಡೈಗೆ ಹೊರಟಿತು. ಹಿಂದೆ ಬಸ್ಸಿನಲ್ಲಿ ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿಯ ಜೊತೆಗೆ ಮನೆಯವರು.

ದಂಡಪಾಣಿಯವರ ತೋಟದಲ್ಲಿ ಕೊಳದ ಸುತ್ತ ಜನ ಚಾಪೆ ಹಾಸಿ ಕುಳಿತಿದ್ದರು. ಹಂಸ ನೀರಿಗಿಳಿದು ತೇಲಿತು. ಎಲ್ಲರೂ ನೋಡಿದರು, ಮಕ್ಕಳು ಬೆರಳು ತೋರಿಸಿದರು, ಹತ್ತಲು ಮಾತ್ರ ಯಾರೂ ಬರಲಿಲ್ಲ. ಹಳೆಯ ದೋಣಿ, ಹೊಟ್ಟೆಯಲ್ಲಿ ತೂತಿತ್ತಂತೆ ಎಂಬ ಮಾತು ಹೇಗೋ ಚಾಪೆಯಿಂದ ಚಾಪೆಗೆ ಹೋಗಿಬಿಟ್ಟಿತ್ತು.

"ಜನ ಹತ್ತದೆ ಇದ್ರೆ ನಾನೇನು ಮಾಡ್ಲಿ?" ಎಂದರು ದಂಡಪಾಣಿ. ತೂಕದ ಮನುಷ್ಯ, ತಾವೂ ಹತ್ತಲಿಲ್ಲ. "ನೋಡೋಕೆ ಚೆನ್ನಾಗಿದೆ. ಒಂದು ವರ್ಷ ಬೊಂಬೆ ಥರ ನಿಲ್ಲಿಸೋಣ."

ರಾಮಪ್ರಸಾದ ದೋಣಿಯ ಹಗ್ಗ ಹಿಡಿದು ನಿಂತಿದ್ದ.

ಸುಂದರಮ್ಮನವರು ಚಿತ್ರಾನ್ನದ ಡಬ್ಬಿಯನ್ನು ಹರಿಣಿಯ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ನೆಟ್ಟಗೆ ಮೆಟ್ಟಿಲಿಳಿದು ಬಂದು, "ನನಗೆ ಕೈ ಕೊಡು ರಾಮು" ಎಂದರು.

"ಅಮ್ಮಾ, ನಿನಗೆ ಈಜು ಬರಲ್ಲ."

"ಹಂಸಕ್ಕೆ ಬರ್ತದಲ್ಲ."

ಗೋಪಿಕಾ ಅವರ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುಜಾಕೆಟ್ ಹಾಕಿ ಪಟ್ಟಿ ಬಿಗಿದಳು. ಆಮೇಲೆ ತಾನೂ ಒಂದನ್ನು ಹಾಕಿಕೊಂಡು, ಗಂಡನ ಕೈಯಿಂದ ಹಗ್ಗ ಕಸಿದು, ಅತ್ತೆಯ ಪಕ್ಕದಲ್ಲಿ ಕುಳಿತಳು.

"ನಿನಗೆ ನಡೆಸೋಕೆ ಗೊತ್ತಾ?" ಎಂದ ರಾಮಪ್ರಸಾದ.

"ವರ್ಷದಿಂದ ಮನೆ ನಡೆಸ್ತಾ ಇಲ್ವಾ?"

ಗೊತ್ತಿರಲಿಲ್ಲ. ಗೋಪಿಕಾ ಜೋರಾಗಿ ತುಳಿದಳು, ಅತ್ತೆ ಮೆಲ್ಲಗೆ ತುಳಿದರು, ಹಂಸ ಒಂದೇ ಕಡೆ ಗಿರ್ರೆಂದು ಸುತ್ತಿತು. ದಡದಲ್ಲಿ ನಗು ಎದ್ದಿತು. ದಾರಿ ತಿರುಗಿಸುವ ಹಿಡಿಯನ್ನು ಗೋಪಿಕಾ ಎಡಕ್ಕೆ ಎಳೆದರೆ ಅದು ಬಲಕ್ಕೆ ಹೋಗಿ ಬಾಳೆತೋಟದ ಅಂಚಿಗೆ ಕೊಕ್ಕು ತಾಗಿಸಿತು. ಅಲ್ಲಿಂದ ಹೇಗೋ ಬಿಡಿಸಿಕೊಂಡು ನಡುಕೊಳಕ್ಕೆ ಬಂದಾಗ ಸುಂದರಮ್ಮನವರು ಬಗ್ಗಿ ತಮ್ಮ ಪಾದದ ಕೆಳಗೆ ಕೈಯಿಟ್ಟು ಮುಟ್ಟಿ ನೋಡಿದರು. ತೇಪೆಯ ಜಾಗ ಒಣಗಿತ್ತು. ಅದರ ಕೆಳಗೆ ಆಳವಾದ ನೀರು ತಣ್ಣಗೆ ಹೊರಳುವುದು ಅಂಗೈಗೆ ತಿಳಿಯುತ್ತಿತ್ತು. ಅವರು ಕೈ ತೆಗೆಯಲಿಲ್ಲ.

ದಡದಲ್ಲಿ ಮೊದಲು ಒಬ್ಬ ಅಜ್ಜಿ ಎದ್ದು ಬಂದರು, ಕೈಯಲ್ಲಿ ಇಬ್ಬರು ಮೊಮ್ಮಕ್ಕಳು. ಅವರ ಹಿಂದೆ ಹೊಸದಾಗಿ ಮದುವೆಯಾದವರು. ನೋಡನೋಡುತ್ತಿದ್ದಂತೆ ಮೆಟ್ಟಿಲ ಮೇಲೆ ಸಾಲು ನಿಂತಿತು. ದಂಡಪಾಣಿ ರಾಮಪ್ರಸಾದನ ಹೆಗಲ ಮೇಲೆ ಕೈಹಾಕಿ, ಕೊಟ್ಟಿಗೆಯ ಹಿಂದೆ ಕೂತಿರುವ ದೋಣಿಗಳನ್ನು ತೋರಿಸುತ್ತಿದ್ದುದು ನೀರಿನ ಮೇಲಿನಿಂದಲೂ ಕಂಡಿತು. ರಾಮಪ್ರಸಾದ ಫೋನು ತೆಗೆದ.

"ತಿರುಪ್ಪೂರಿಗೆ ಮಾಡ್ತಾ ಇದಾರೆ," ಎಂದಳು ಗೋಪಿಕಾ. "ಬರೋದಿಲ್ಲ ಅಂತ ಹೇಳೋಕೆ. ಧೈರ್ಯ ಬರಲಿ ಅಂತ ಹತ್ತು ಸಲ ಕೆಮ್ಮಿ ಆಮೇಲೆ ಹೇಳ್ತಾರೆ, ನೋಡ್ತಾ ಇರಿ."

"ನೀನು ಬೈಯಲ್ವಾ?"

"ಮನೆಗೆ ಹೋಗಿ ಬೈತೀನಿ. ಎಲ್ಲರೂ ರಾತ್ರಿ ಮನೇಲೇ ಇರ್ತೀವಲ್ಲ."

ಅವಳು ಇದ್ದಕ್ಕಿದ್ದಂತೆ ಬಲವಾಗಿ ತುಳಿದಳು. ಹಿಂದಿನ ಚಕ್ರ ನೀರನ್ನು ಎತ್ತಿ ಎರಚಿತು. ಒಂದು ದೊಡ್ಡ ಅಲೆ ಬದಿಯಿಂದ ಹಾರಿ ಸುಂದರಮ್ಮನವರ ನೆತ್ತಿಯ ಮೇಲೆಯೇ ಬಿದ್ದು, ಹಣೆಯ ವಿಭೂತಿ ತೊಳೆದು, ಕುತ್ತಿಗೆಗೆ ಇಳಿಯಿತು. ಗೋಪಿಕಾ ಗಾಬರಿಯಿಂದ ತುಳಿಯುವುದನ್ನು ನಿಲ್ಲಿಸಿದಳು. ಅತ್ತೆಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತೆ, ಗಂಗಾಸ್ನಾನ ಆಯ್ತಾ?"

ಸುಂದರಮ್ಮನವರು ಒದ್ದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ದಡದಲ್ಲಿ ಅವರ ಮಗ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈ ಬೀಸುತ್ತಿದ್ದ.

"ಆಯ್ತಮ್ಮಾ," ಎಂದರು. "ಈಗ ಆಯ್ತು."